ಬಿಸಿಲಿಗೆ ಬೆವರುವುದೇಕೆ, ಬಾಯಾರುವುದೇಕೆ? ದೇಹದೊಳಗೆ ನರ-ಹಾರ್ಮೋನುಗಳ ಜಂಟಿ ಕೆಲಸ ಹೀಗಿದೆ

ಥಾಣೆ: ಮಾರ್ಚ್ ಕಳೆಯುತ್ತಿದ್ದಂತೆ ವಾಗ್ಳೆ ಎಸ್ಟೇಟ್‌ನ ಸಣ್ಣ ಕಾರ್ಖಾನೆಗಳ ತಗಡಿನ ಮಾಡು ಕಾಯತೊಡಗುತ್ತದೆ. ಹೊರಗೆ ಬಿಸಿಲು, ಒಳಗೆ ಯಂತ್ರಗಳ ಶಾಖ. ಅದರ ನಡುವೆಯೇ ಕಾರ್ಮಿಕರು ಪಾಳಿ ಮುಗಿಸಬೇಕು. ಇಷ್ಟಾದರೂ ಆರೋಗ್ಯವಂತರ ದೇಹದ ಒಳಗಿನ ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಇದು ಹೇಗೆ ಸಾಧ್ಯ?

ಈ ವ್ಯವಸ್ಥೆ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಇದೇ ಭಾಗದ ಜನ ಕಣ್ಣಾರೆ ಕಂಡಿದ್ದಾರೆ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭ ತೆರೆದ ಮೈದಾನದಲ್ಲಿ ನಡೆಯಿತು. ಅಂದು ಗಂಟೆಗಟ್ಟಲೆ ಬಿಸಿಲಿನಲ್ಲಿ ಕುಳಿತಿದ್ದವರಲ್ಲಿ 14 ಮಂದಿ ಮೃತಪಟ್ಟರು. ಆ ದಿನದ ಗರಿಷ್ಠ ಉಷ್ಣಾಂಶ ಸುಮಾರು 38 ಡಿಗ್ರಿ ಮಾತ್ರ.

ಮೆದುಳಿನಲ್ಲಿದೆ ಕಂಟ್ರೋಲ್ ರೂಂ

ಮೆದುಳಿನ ತಳಭಾಗದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವಿದೆ. ಚರ್ಮದ ನರಗಳು ಹೊರಗಿನ ಶಾಖದ ಸುದ್ದಿಯನ್ನು ಇಲ್ಲಿಗೆ ಮುಟ್ಟಿಸುತ್ತವೆ. ತನ್ನ ಮೂಲಕ ಹರಿಯುವ ರಕ್ತ ಎಷ್ಟು ಬಿಸಿಯಾಗಿದೆ ಎಂಬುದನ್ನೂ ಅದು ಅಳೆಯುತ್ತದೆ. ಶಾಖ ಹೆಚ್ಚಾಯಿತು ಎಂದು ಕಂಡ ಕೂಡಲೇ ನರಗಳ ಮೂಲಕ ಎರಡು ಆದೇಶ ಹೊರಡುತ್ತವೆ.

ಮೊದಲನೆಯದು, ಚರ್ಮದ ರಕ್ತನಾಳಗಳು ಹಿಗ್ಗಬೇಕು. ಆಗ ಒಳಗಿನ ಬಿಸಿ ರಕ್ತ ಚರ್ಮದತ್ತ ಬಂದು ಶಾಖ ಹೊರಗೆ ಹೋಗುತ್ತದೆ. ಎರಡನೆಯದು, ಮೈಯಲ್ಲಿರುವ ಲಕ್ಷಾಂತರ ಬೆವರು ಗ್ರಂಥಿಗಳು ಕೆಲಸ ಶುರು ಮಾಡಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ.

ಆದರೆ ಆವಿಯಾದರೆ ಮಾತ್ರ! ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮೈ ತಂಪಾಗುವುದಿಲ್ಲ. ಕಲಬುರಗಿ, ವಿಜಯಪುರದ ಒಣ ಬಿಸಿಲಿನಲ್ಲಿ ಬೆವರು ಬೇಗ ಆರುತ್ತದೆ. ಖಾರಿಯ ಪಕ್ಕದಲ್ಲಿರುವ ಥಾಣೆಯ ಗಾಳಿಯಲ್ಲಿ ತೇವಾಂಶ ಹೆಚ್ಚು, ಬೆವರು ಆರುವುದು ನಿಧಾನ. ಹಾಗಾಗಿ ‘ನಮ್ಮೂರಲ್ಲಿ 42 ಡಿಗ್ರಿ ಕಂಡವರು ನಾವು, ಇಲ್ಲಿನ 36 ಯಾವ ಲೆಕ್ಕ’ ಎನ್ನುವ ಧೈರ್ಯ ಇಲ್ಲಿ ನಡೆಯದು.

ನೀರು ಉಳಿಸುವುದು ಹಾರ್ಮೋನುಗಳ ಪಾಲು

ಬೆವರಿದಂತೆ ದೇಹದ ನೀರು, ಉಪ್ಪು ಎರಡೂ ಖಾಲಿಯಾಗುತ್ತವೆ. ನರಗಳ ಆದೇಶ ಕ್ಷಣಗಳಲ್ಲಿ ತಲುಪಿದರೆ, ಹಾರ್ಮೋನುಗಳು ರಕ್ತದ ಮೂಲಕ ಸಾಗಿ ನಿಧಾನವಾಗಿ, ಆದರೆ ಹೆಚ್ಚು ಹೊತ್ತು ಕೆಲಸ ಮಾಡುತ್ತವೆ.

ರಕ್ತ ಶೇ. 1ರಿಂದ 2ರಷ್ಟು ಗಟ್ಟಿಯಾದರೂ ಹೈಪೋಥಲಾಮಸ್‌ಗೆ ಗೊತ್ತಾಗುತ್ತದೆ. ಬಾಯಾರಿಕೆ ಹುಟ್ಟುತ್ತದೆ. ಜೊತೆಗೆ ಪಿಟ್ಯುಟರಿ ಗ್ರಂಥಿಯಿಂದ ವಾಸೊಪ್ರೆಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ, ನೀರನ್ನು ಹಿಡಿದಿಡುವಂತೆ ಮೂತ್ರಪಿಂಡಕ್ಕೆ ಹೇಳುತ್ತದೆ. ಬೇಸಿಗೆಯಲ್ಲಿ ಮೂತ್ರ ಕಡಿಮೆಯಾಗಿ ಗಾಢ ಹಳದಿ ಬಣ್ಣಕ್ಕೆ ತಿರುಗುವುದು ಇದರಿಂದಲೇ. ಮದ್ಯ ಈ ಹಾರ್ಮೋನನ್ನೇ ತಡೆಯುತ್ತದೆ. ಆದ್ದರಿಂದ ಬಿಸಿಲಿನಲ್ಲಿ ಬಿಯರ್ ಕುಡಿದರೆ ದಾಹ ತೀರಿದಂತೆ ಅನ್ನಿಸಬಹುದು, ದೇಹ ಮಾತ್ರ ನೀರು ಕಳೆದುಕೊಳ್ಳುತ್ತದೆ.

ಉಪ್ಪಿನ ಲೆಕ್ಕ ನೋಡುವುದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ. ಅದು ಸ್ರವಿಸುವ ಆಲ್ಡೊಸ್ಟಿರೋನ್ ಹಾರ್ಮೋನು ಮೂತ್ರದಲ್ಲೂ ಬೆವರಿನಲ್ಲೂ ಉಪ್ಪು ಪೋಲಾಗದಂತೆ ನೋಡಿಕೊಳ್ಳುತ್ತದೆ. ದೇಹ ಸೆಕೆಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರು, ದೀರ್ಘ ರಜೆ ಮುಗಿಸಿ ಬಂದವರು ಮೊದಲ ಕೆಲವು ದಿನ ಹೆಚ್ಚು ಅಪಾಯದಲ್ಲಿರುತ್ತಾರೆ. ಅಂಥವರಿಗೆ ಮೊದಲ ದಿನವೇ ಪೂರ್ತಿ ಹೊರೆ ಹಾಕದೆ, ಕೆಲಸವನ್ನು ದಿನದಿಂದ ದಿನಕ್ಕೆ ಏರಿಸುತ್ತಾ ಹೋಗುವುದು ಮಾಲೀಕರಿಗೂ ಒಳ್ಳೆಯದು.

ಯಾರಿಗೆ ಅಪಾಯ ಹೆಚ್ಚು?

ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆ ಬೆವರು ಗ್ರಂಥಿಗಳ ನರಗಳನ್ನೇ ಹಾಳು ಮಾಡಬಹುದು. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ನೀರು ಮತ್ತು ಉಪ್ಪನ್ನು ಹೊರಹಾಕುತ್ತವೆ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಬೇಸಿಗೆಗೆ ಮುನ್ನ ವೈದ್ಯರನ್ನು ಕೇಳಿ.

ಹೀಗಾದರೆ ತಡಮಾಡಬೇಡಿ

ತಲೆಸುತ್ತು, ಸ್ನಾಯು ಸೆಳೆತ, ವಾಕರಿಕೆ ಮೊದಲ ಎಚ್ಚರಿಕೆಗಳು. ಆಗ ಕೆಲಸ ನಿಲ್ಲಿಸಿ ನೆರಳಿಗೆ ಬನ್ನಿ. ಉಪ್ಪು ಹಾಕಿದ ಮಜ್ಜಿಗೆ, ಒಆರ್‌ಎಸ್ ಕುಡಿಯಿರಿ. ಗಂಟೆಗಟ್ಟಲೆ ಬೆವರಿದ ಮೇಲೆ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು.

ಮಾತು ತೊದಲುವುದು, ಗೊಂದಲ, ಪ್ರಜ್ಞೆ ತಪ್ಪುವುದು ಕಂಡರೆ ಅದು ಹೀಟ್ ಸ್ಟ್ರೋಕ್ ಆಗಿರಬಹುದು. ಆಗ ದೇಹದ ಉಷ್ಣಾಂಶ 40 ಡಿಗ್ರಿ ದಾಟಿ, ನಿಯಂತ್ರಿಸಬೇಕಾದ ಮೆದುಳೇ ಸೋಲುತ್ತಿರುತ್ತದೆ. ಬೆವರು ನಿಂತಿರಲೇಬೇಕೆಂದಿಲ್ಲ, ದುಡಿಯುತ್ತಿದ್ದವರು ಕುಸಿದಾಗ ಮೈ ಒದ್ದೆಯಾಗಿಯೇ ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಕಾಯದೆ ಬಟ್ಟೆ ಸಡಿಲಿಸಿ, ಮೈಗೆ ನೀರು ಸುರಿದು ಗಾಳಿ ಹಾಕಿ. ಮಂಜುಗಡ್ಡೆ ಸಿಕ್ಕರೆ ಕುತ್ತಿಗೆ, ಕಂಕುಳಲ್ಲಿ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಇದು ಜ್ವರವಲ್ಲ. ಮೈ ಎಷ್ಟು ಬೇಗ ತಣ್ಣಗಾಗುತ್ತದೋ ಜೀವ ಉಳಿಯುವ ಸಾಧ್ಯತೆ ಅಷ್ಟು ಹೆಚ್ಚು.