2028ರಲ್ಲಿ ಜಿದ್ದಾಜಿದ್ದಿ ಎಲ್ಲಿ? ಉತ್ತರ ಕನ್ನಡದ ಆರು ಸೀಟುಗಳ ಲೆಕ್ಕ

2028ರಲ್ಲಿ ಎರಡು ದೊಡ್ಡ ಚುನಾವಣೆ ಇವೆ. ಮೇ ಹೊತ್ತಿಗೆ ಕರ್ನಾಟಕ ವಿಧಾನಸಭೆಯದ್ದು, ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರದ್ದು. ನಮ್ಮ ಹಾಸ್ಟೆಲ್‌ನಲ್ಲಿ ಎರಡನೆಯದರ ಬಗ್ಗೆ ಮಾತಾಡೋರೇ ಜಾಸ್ತಿ. ಪೆನ್ಸಿಲ್ವೇನಿಯಾ ಯಾರಿಗೆ, ಜಾರ್ಜಿಯಾ ಯಾರಿಗೆ ಅಂತ ಯೂಟ್ಯೂಬ್ ನೋಡಿ ಹೇಳ್ತಾರೆ. ನಿನ್ನ ಸ್ವಂತ ಕ್ಷೇತ್ರದಲ್ಲಿ ಕಳೆದ ಸಲ ಎಷ್ಟು ಮತದ ಅಂತರ ಇತ್ತು ಅಂತ ಕೇಳಿದ್ರೆ ಮಾತ್ರ ಗೊತ್ತಿರಲ್ಲ. ನಮ್ಮ ಬ್ಯಾಚಿನ ಬಹುತೇಕರಿಗೆ 2028ರದ್ದೇ ಮೊದಲ ವಿಧಾನಸಭಾ ಮತ. ಆ ಮತ ಬೀಳೋ ಜಾಗದಲ್ಲಿ ನಿಜವಾದ ಸ್ಪರ್ಧೆ ಇರುತ್ತಾ, ಅದನ್ನ ಎರಡು ವರ್ಷ ಮೊದಲೇ ಹೇಳೋಕಾಗುತ್ತಾ? ಈ ಲೇಖನದಲ್ಲಿ ನೋಡೋಕೆ ಹೊರಟಿರೋದು ಅದನ್ನೇ.

ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ. ಒಂದು ಕ್ಷೇತ್ರ ಸೇಫ್ ಅಂತ ಎರಡೂ ಪಕ್ಷ ತೀರ್ಮಾನ ಮಾಡಿದ್ರೆ ಗೆಲ್ಲೋ ಪಕ್ಷಕ್ಕೆ ಅಲ್ಲಿ ಬೆವರು ಸುರಿಸೋ ಅಗತ್ಯ ಇಲ್ಲ, ಸೋಲೋ ಪಕ್ಷಕ್ಕೆ ಸುರಿಸಿ ಪ್ರಯೋಜನ ಇಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಅಂತ ವರ್ಷಗಟ್ಟಲೆ ಕೇಳ್ತಾ ಇರೋ ಜಿಲ್ಲೆ ನಮ್ಮದು. ಯಾರನ್ನ ಎಷ್ಟು ಗಟ್ಟಿಯಾಗಿ ಕೇಳಬಹುದು ಅನ್ನೋದು ಅವರಿಗೆ ಸೋಲಿನ ಭಯ ಎಷ್ಟಿದೆ ಅನ್ನೋದರ ಮೇಲೆ ನಿಂತಿದೆ.

ಮೊದಲು ಅಮೆರಿಕದಲ್ಲಿ ಹೇಗೆ ಲೆಕ್ಕ ಹಾಕ್ತಾರೆ ನೋಡೋಣ. ಅಲ್ಲಿ 538 ಎಲೆಕ್ಟೋರಲ್ ಮತಗಳಲ್ಲಿ 270 ಸಿಕ್ಕವರು ಅಧ್ಯಕ್ಷ. 50 ರಾಜ್ಯಗಳಲ್ಲಿ 48ರಲ್ಲಿ ಒಂದು ಮತ ಹೆಚ್ಚು ಬಂದರೂ ಆ ರಾಜ್ಯದ ಅಷ್ಟೂ ಎಲೆಕ್ಟೋರಲ್ ಮತ ಒಬ್ಬರಿಗೇ. ಹಾಗಾಗಿ ಪಕ್ಷಗಳ ಗಮನವೆಲ್ಲ ಎರಡೂ ಕಡೆ ವಾಲಬಹುದಾದ ಕೆಲವೇ ರಾಜ್ಯಗಳ ಮೇಲೆ. 2024ರಲ್ಲಿ ಅವು ಏಳು: ಅರಿಜೋನಾ, ಜಾರ್ಜಿಯಾ, ಮಿಷಿಗನ್, ನೆವಾಡಾ, ನಾರ್ತ್ ಕೆರೊಲೈನಾ, ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್. ಈ ಪಟ್ಟಿಯನ್ನ ಊಹಿಸೋ ಸೂತ್ರ ಸರಳ. ಒಂದು ರಾಜ್ಯ ಇಡೀ ದೇಶಕ್ಕಿಂತ ಎಷ್ಟು ಎಡಕ್ಕೆ ಅಥವಾ ಬಲಕ್ಕೆ ವಾಲಿದೆ ಅಂತ ಹಳೇ ಫಲಿತಾಂಶದಿಂದ ತೆಗೀತಾರೆ. ಅದಕ್ಕೆ ಈ ಸಲದ ದೇಶದ ಗಾಳಿಯನ್ನ ಕೂಡಿಸ್ತಾರೆ. ಉತ್ತರ ಸೊನ್ನೆಗೆ ಹತ್ತಿರ ಬಂದರೆ ಅದು ಜಿದ್ದಿನ ರಾಜ್ಯ. ಸೂತ್ರ ಕೆಲಸ ಮಾಡೋದು ಯಾಕಂದ್ರೆ ವಾಲಿಕೆ ನಿಧಾನವಾಗಿ ಬದಲಾಗುತ್ತೆ. ವಿಸ್ಕಾನ್ಸಿನ್ ತಗೊಳ್ಳಿ: 2016ರಲ್ಲಿ ಅಂತರ 22,748 ಮತ, 2020ರಲ್ಲಿ 20,682, 2024ರಲ್ಲಿ 29,397. ಮೂವತ್ತು ಲಕ್ಷದ ಹತ್ತಿರ ಅಥವಾ ಅದಕ್ಕೂ ಹೆಚ್ಚು ಮತ ಬೀಳೋ ರಾಜ್ಯದಲ್ಲಿ ಮೂರು ಸಲವೂ ಮೂವತ್ತು ಸಾವಿರದ ಒಳಗೆ. ಫ್ಲೋರಿಡಾ, ಒಹಾಯೊ ಥರದವು ಪಟ್ಟಿಯಿಂದ ಹೊರಗೆ ಹೋಗಿವೆ, ಅದೂ ಒಂದೆರಡು ಚುನಾವಣೆ ಮೊದಲೇ ಕಾಣಿಸೋ ಹಾಗೆ.

ಈಗ ಅದೇ ಸೂತ್ರವನ್ನ ನಮ್ಮ ಕಡೆ ತರೋಣ. ನಮ್ಮೂರು ಚಂದಗುಳಿ, ಯಲ್ಲಾಪುರ ತಾಲೂಕು. (ಘಂಟೆ ಗಣಪತಿ ಅಂದ್ರೆ ಶಿರಸಿ, ಸಿದ್ದಾಪುರದವರಿಗೆ ವಿಳಾಸ ಬೇಕಾಗಲ್ಲ.) ಉತ್ತರ ಕನ್ನಡ ಜಿಲ್ಲೆಯಲ್ಲಿ ಆರು ವಿಧಾನಸಭಾ ಕ್ಷೇತ್ರ: ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ. ಗಡಿಗಳನ್ನ 2008ಕ್ಕೆ ಹೊಸದಾಗಿ ಎಳೆದಿದ್ದು. ಅದಕ್ಕೂ ಮೊದಲು ಅಂಕೋಲಾ ಅಂತ ಒಂದು ಕ್ಷೇತ್ರ ಇತ್ತು. ವಿಶ್ವೇಶ್ವರ ಹೆಗಡೆ ಕಾಗೇರಿಯವರು 1994, 1999, 2004ರಲ್ಲಿ ಗೆದ್ದಿದ್ದು ಅಲ್ಲಿಂದಲೇ. ಈಗ ಆ ಹೆಸರಿನ ಕ್ಷೇತ್ರವೇ ಇಲ್ಲ. ಹಾಗಾಗಿ 2008ರ ಹಿಂದಿನ ಡೇಟಾ ಉಪಯೋಗಕ್ಕೆ ಬರಲ್ಲ, ಕೈಗೆ ಸಿಗೋದು ನಾಲ್ಕೇ ಸಾರ್ವತ್ರಿಕ ಚುನಾವಣೆ. ಲ್ಯಾಬ್‌ನಲ್ಲಿ ನಾಲ್ಕು ರೀಡಿಂಗ್ ತಗೊಂಡು ಗ್ರಾಫ್ ಎಳೆದ್ರೆ ಏನಂತಾರೆ ಅಂತ ನಿಮಗೆ ಗೊತ್ತೇ ಇದೆ.

2018ರ ಅಂತರಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ರೆ: ಯಲ್ಲಾಪುರ 1,483, ಹಳಿಯಾಳ 5,140, ಭಟ್ಕಳ 5,930, ಕಾರವಾರ 14,064, ಶಿರಸಿ 17,461, ಕುಮಟಾ 32,750. ಆಗ ಯಾರಾದ್ರೂ 2023ರ ಜಿದ್ದಿನ ಪಟ್ಟಿ ಬರೆಯೋಕೆ ಕೂತಿದ್ರೆ ಯಲ್ಲಾಪುರದಿಂದ ಶುರು ಮಾಡಿ ಕುಮಟಾವನ್ನ ಕೊನೆಗೆ ಇಡ್ತಿದ್ರು. 2023ರಲ್ಲಿ ಆಗಿದ್ದು ಹೀಗೆ: ಕುಮಟಾದಲ್ಲಿ ಏಳುನೂರು ಮತದೊಳಗೆ ತೀರ್ಮಾನ, ಕಾರವಾರ 2,138, ಹಳಿಯಾಳ 3,623, ಯಲ್ಲಾಪುರ 4,004, ಶಿರಸಿ 8,712, ಭಟ್ಕಳ 32,671. ಕೊನೆಯಲ್ಲಿದ್ದ ಕುಮಟಾ ಮೊದಲಿಗೆ ಬಂತು, ಮೂರನೆಯದಾಗಿದ್ದ ಭಟ್ಕಳ ಕೊನೆಗೆ ಹೋಯ್ತು.

ಮ್ಯಾಥ್ಸ್‌ನಲ್ಲಿ ಬರೋ ರ‍್ಯಾಂಕ್ ಕೋರಿಲೇಶನ್ ಸೂತ್ರಕ್ಕೆ ಈ ಎರಡು ಪಟ್ಟಿ ಹಾಕಿ. ವ್ಯತ್ಯಾಸಗಳ ವರ್ಗಗಳ ಮೊತ್ತ 48, ಉತ್ತರ ಮೈನಸ್ 0.37. ಆರೇ ಸೀಟು ಇರೋದರಿಂದ ಕಳೆದ ಸಲ ಸೇಫ್ ಇದ್ದಿದ್ದು ಈ ಸಲ ಟೈಟ್ ಆಗುತ್ತೆ ಅಂತ ಉಲ್ಟಾ ನಿಯಮ ಮಾಡೋಕೆ ಹೋಗಬೇಡಿ. ಆದ್ರೆ ಹಿಂದಿನ ಅಂತರ ನೋಡಿ ಮುಂದಿನ ಜಿದ್ದು ಹೇಳ್ತೀನಿ ಅನ್ನೋರ ಮಾತನ್ನ ಇಲ್ಲಿ ನಂಬೋ ಹಾಗಿಲ್ಲ ಅನ್ನೋಕೆ ಇಷ್ಟು ಸಾಕು.

ಇನ್ನೊಂದು ಥರ ನೋಡಬಹುದು. ಬಿಜೆಪಿ ಮುಂದಿದ್ರೆ ಪ್ಲಸ್, ಹಿಂದಿದ್ರೆ ಮೈನಸ್ ಅಂತ ಇಟ್ಟು 2018ರಿಂದ 2023ಕ್ಕೆ ಪ್ರತಿ ಕ್ಷೇತ್ರ ಎಷ್ಟು ಸರಿದಿದೆ ಅಂತ ತೆಗೀರಿ. ಭಟ್ಕಳ 38,601 ಮತ ಕೆಳಗೆ, ಕುಮಟಾ ಸುಮಾರು 32,000 ಕೆಳಗೆ, ಶಿರಸಿ 26,173 ಕೆಳಗೆ, ಕಾರವಾರ 16,202 ಕೆಳಗೆ. ಅದೇ ವರ್ಷ, ಅದೇ ಜಿಲ್ಲೆ, ಅದೇ ಗಾಳಿಯಲ್ಲಿ ಹಳಿಯಾಳ 1,517 ಮೇಲೆ, ಯಲ್ಲಾಪುರ 5,487 ಮೇಲೆ! ಸರಾಸರಿ ಸುಮಾರು 17,700 ಕೆಳಗೆ, ಸ್ಟ್ಯಾಂಡರ್ಡ್ ಡೀವಿಯೇಶನ್ ಸುಮಾರು 18,000. ಈ ಎರಡನೇ ಸಂಖ್ಯೆಯೇ ಮುಖ್ಯ. ಇಡೀ ರಾಜ್ಯದ ಗಾಳಿ ಎಷ್ಟು ಬೀಸುತ್ತೆ ಅಂತ ಪಕ್ಕಾ ಗೊತ್ತಿದ್ದರೂ ಒಂದೊಂದು ಕ್ಷೇತ್ರದ ಅಂದಾಜು 18,000 ಮತದಷ್ಟು ಅತ್ತಿತ್ತ ಆಗಬಹುದು. 2023ರಲ್ಲಿ ಆರರಲ್ಲಿ ಐದು ಕ್ಷೇತ್ರಗಳ ಅಂತರ ಅದಕ್ಕಿಂತ ಕಡಿಮೆ. ಅಂದ್ರೆ ಒಂದು ಸಿಗ್ಮಾ ಒಳಗೇ ಐದು. 32,671 ಇರೋ ಭಟ್ಕಳವೂ ಎರಡು ಸಿಗ್ಮಾ ದಾಟಿಲ್ಲ. ಸೇಫ್ ಸೀಟು ಅನ್ನೋ ಪದವನ್ನ ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ಯೋಚನೆ ಮಾಡಿ ಬಳಸಬೇಕು.

ಇಷ್ಟು ಅಲುಗಾಟ ಎಲ್ಲಿಂದ ಬಂತು? ಕುಮಟಾದಲ್ಲಿ ಒಂದು ಕಾರಣ ಸಂಖ್ಯೆಯಲ್ಲೇ ಇದೆ. 2018ರಲ್ಲಿ ದಿನಕರ ಶೆಟ್ಟಿಯವರಿಗೆ 59,392 ಮತ, ಎರಡನೇ ಸ್ಥಾನದಲ್ಲಿದ್ದ ಶಾರದಾ ಶೆಟ್ಟಿಯವರಿಗೆ 26,642. ಉಳಿದ ಮತ ಬೇರೆಯವರ ನಡುವೆ ಹಂಚಿ ಹೋಗಿತ್ತು. 2023ರಲ್ಲೂ ದಿನಕರ ಶೆಟ್ಟಿಯವರಿಗೆ ಹೆಚ್ಚುಕಮ್ಮಿ ಅಷ್ಟೇ ಮತ ಬಂತು, ಅರವತ್ತು ಸಾವಿರದ ಹತ್ತಿರ. ಆದ್ರೆ ಈ ಸಲ ಎದುರಿನ ಮತ ಜೆಡಿಎಸ್‌ನ ಸೂರಜ್ ನಾಯ್ಕ ಸೋನಿಯವರ ಹತ್ತಿರ ಒಟ್ಟಾಯ್ತು. 32,750 ಅನ್ನೋ ದೊಡ್ಡ ಸಂಖ್ಯೆ ಗೆದ್ದವರ ಬಲವನ್ನ ತೋರಿಸ್ತಾನೇ ಇರಲಿಲ್ಲ, ಎದುರಿನವರು ಎಷ್ಟು ಚೂರಾಗಿದ್ದರು ಅನ್ನೋದನ್ನ ತೋರಿಸ್ತಾ ಇತ್ತು.

ಎರಡನೇ ಕಾರಣಕ್ಕೆ ಯಲ್ಲಾಪುರಕ್ಕೇ ಬರಬೇಕು. ಇಂಥ ಒಳ್ಳೆ ಪ್ರಯೋಗ ಬೇಕು ಅಂದ್ರೂ ಸಿಗಲ್ಲ. 2018ರಲ್ಲಿ ಕಾಂಗ್ರೆಸ್‌ನಿಂದ ಶಿವರಾಮ ಹೆಬ್ಬಾರ್, ಬಿಜೆಪಿಯಿಂದ ವಿ.ಎಸ್. ಪಾಟೀಲ್. ಹೆಬ್ಬಾರ್ 1,483 ಮತದಿಂದ ಗೆದ್ದರು. 2019ರಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋಗಿ, ಡಿಸೆಂಬರ್ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ಭೀಮಣ್ಣ ನಾಯ್ಕ ಅವರ ಎದುರು 31,408 ಮತದಿಂದ ಗೆದ್ದರು. ಪಾಟೀಲರು ಆಮೇಲೆ ಕಾಂಗ್ರೆಸ್‌ಗೆ ಬಂದರು. 2023ರಲ್ಲಿ ಮತ್ತೆ ಅದೇ ಇಬ್ಬರು, ಚಿಹ್ನೆ ಮಾತ್ರ ಅದಲು ಬದಲು. ಹೆಬ್ಬಾರ್ 74,699, ಪಾಟೀಲ್ 70,695.

ಜನ ಪಕ್ಷಕ್ಕೆ ಮಾತ್ರ ಮತ ಹಾಕೋದಾಗಿದ್ರೆ ಚಿಹ್ನೆ ಬದಲಾದಾಗ ಗೆದ್ದವರೂ ಬದಲಾಗಬೇಕಿತ್ತು. ಪಾಟೀಲರಿಗಿಂತ ಹೆಬ್ಬಾರ್ ಅವರಿಗೆ ವೈಯಕ್ತಿಕವಾಗಿ ಇರೋ ಹೆಚ್ಚುವರಿ ಮತವನ್ನ 'ವ್ಯ' ಅಂತ ಕರೆಯೋಣ, ಬಿಜೆಪಿ ಚಿಹ್ನೆಗೆ ಕಾಂಗ್ರೆಸ್ ಚಿಹ್ನೆಗಿಂತ ಇರೋ ಹೆಚ್ಚುವರಿ ಮತವನ್ನ 'ಪ' ಅನ್ನೋಣ. 2018ರಲ್ಲಿ ವ್ಯ − ಪ = 1,483. 2023ರಲ್ಲಿ ವ್ಯ + ಪ = 4,004. ಆದ್ರೆ 2023ರಲ್ಲಿ ರಾಜ್ಯದ ಗಾಳಿ ಕಾಂಗ್ರೆಸ್ ಕಡೆ ಇತ್ತು. ಕಾಂಗ್ರೆಸ್ ಮತ್ತು ಬಿಜೆಪಿ ನಡುವಿನ ಮತ ಪ್ರಮಾಣದ ಅಂತರ 2018ಕ್ಕಿಂತ ಸುಮಾರು 5 ಶೇಕಡಾ ಪಾಯಿಂಟ್ ಹೆಚ್ಚಾಗಿತ್ತು. ಯಲ್ಲಾಪುರದಲ್ಲಿ ಬೀಳೋದು ಒಂದೂವರೆ ಲಕ್ಷದಷ್ಟು ಮತ, ಅದರ 5 ಶೇಕಡಾ 7,500. ಆ ಗಾಳಿ ಇಲ್ಲದೇ ಇದ್ದಿದ್ರೆ ಎರಡನೇ ಸಮೀಕರಣ ವ್ಯ + ಪ = 11,504 ಆಗ್ತಿತ್ತು. ಬಿಡಿಸಿದ್ರೆ ವ್ಯ ಸುಮಾರು 6,500, ಪ ಸುಮಾರು 5,000. ಅಂದಾಜು ಒರಟಾದದ್ದೇ. ಗಾಳಿ ಎಲ್ಲಾ ಕಡೆ ಒಂದೇ ಸಮ ಬೀಸುತ್ತೆ ಅಂತ ಇದರಲ್ಲಿ ಊಹೆ ಇದೆ, ಮೇಲಿನ ಸಿಗ್ಮಾ ಅದು ಸುಳ್ಳು ಅಂತ ಆಗಲೇ ಹೇಳಿದೆ. ಆದರೂ ವ್ಯಕ್ತಿಯ ತೂಕ ಚಿಹ್ನೆಯ ತೂಕಕ್ಕೆ ಸಮ ಅಥವಾ ಸ್ವಲ್ಪ ಜಾಸ್ತಿ ಅನ್ನೋದು ಕಾಣಿಸುತ್ತೆ.

ಮನೇಲಿ ಅಡಿಕೆ ಸುಲಿಯೋವಾಗ ನನ್ನ ದೊಡ್ಡಪ್ಪನಿಗೆ ಈ ಸಮೀಕರಣ ಹೇಳಿದೆ. "ಪಾರ್ಟಿ ನೋಡದಲ್ಲ ತಮಾ, ನಿತ್ಗಂಡವ ಯಾರು ಹೇಳಿ ನೋಡವು" ಅಂದ ಅವ, ಕತ್ತಿಯಿಂದ ಕಣ್ಣು ಎತ್ತದೇ. ಯಕ್ಷಗಾನ ನೋಡೋರಿಗೆ ಇದು ಹೊಸದಲ್ಲ. ಒಳ್ಳೆ ವೇಷಧಾರಿ ಮೇಳ ಬಿಟ್ಟು ಇನ್ನೊಂದು ಮೇಳಕ್ಕೆ ಹೋದ್ರೆ ಅಭಿಮಾನಿಗಳಲ್ಲಿ ಅರ್ಧ ಜನ ಅವನ ಹಿಂದೆ ಹೋಗ್ತಾರೆ, ಅರ್ಧ ಜನ ಹಳೇ ಮೇಳದ ಆಟಕ್ಕೇ ಬರ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಈ ಸಮಸ್ಯೆ ಇಲ್ಲ. ಅಲ್ಲಿ ಕಳೆದ ಸಲ ಡೆಮಾಕ್ರಟಿಕ್ ಅಭ್ಯರ್ಥಿ ಆಗಿದ್ದವರು ಮುಂದಿನ ಸಲ ರಿಪಬ್ಲಿಕನ್ ಟಿಕೆಟ್‌ನಲ್ಲಿ ಬಂದು ನಿಲ್ಲಲ್ಲ.

ಲೋಕಸಭಾ ಫಲಿತಾಂಶ ನೋಡಿ ಅಂದಾಜು ಮಾಡಬಹುದಲ್ಲ ಅಂತ ಕೆಲವರು ಕೇಳ್ತಾರೆ. 2023ರ ಮೇ ತಿಂಗಳಲ್ಲಿ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಸೀಟುಗಳಲ್ಲಿ ಐದು ಕಾಂಗ್ರೆಸ್‌ಗೆ ಬಂದಿದ್ದವು. ಕಾಗೇರಿಯವರು ಶಿರಸಿಯಲ್ಲೇ ಭೀಮಣ್ಣ ನಾಯ್ಕ ಅವರೆದುರು ಸೋತಿದ್ದರು. ಒಂದೇ ವರ್ಷದ ನಂತರ ಅದೇ ಕಾಗೇರಿಯವರು ಲೋಕಸಭೆಗೆ 3,37,428 ಮತದ ಅಂತರದಿಂದ ಗೆದ್ದರು. ಅವೇ ಬೂತ್‌ಗಳು, ಹೆಚ್ಚುಕಮ್ಮಿ ಅದೇ ಮತದಾರರು. ದೆಹಲಿಗೆ ಒಂದು ಲೆಕ್ಕ, ಬೆಂಗಳೂರಿಗೆ ಇನ್ನೊಂದು ಲೆಕ್ಕ ಇಟ್ಟುಕೊಂಡ ಜನ ನಾವು. ಟಿವಿಯಲ್ಲಿ 2024ರ ನಕ್ಷೆ ತೋರಿಸಿ 2028ರ ವಿಧಾನಸಭೆ ಬಗ್ಗೆ ಮಾತಾಡೋರನ್ನ ಕಂಡ್ರೆ ನಾನು ಚಾನೆಲ್ ಬದಲಿಸ್ತೀನಿ.

ಹಾಗಾದ್ರೆ 2028ಕ್ಕೆ ಏನು ಹೇಳಬಹುದು? ನನ್ನ ಪ್ರಕಾರ ಅಂತರ ನೋಡೋ ಬದಲು ಎರಡು ವಿಷಯ ನೋಡಬೇಕು: ಅಂತರ ಚುನಾವಣೆಯಿಂದ ಚುನಾವಣೆಗೆ ಎಷ್ಟು ಕುಣಿಯುತ್ತೆ, ಮತ್ತೆ ನಿಲ್ಲೋರು ಅವರೇನಾ.

ಹಳಿಯಾಳ ನಮ್ಮ ಜಿಲ್ಲೆಯ ವಿಸ್ಕಾನ್ಸಿನ್. 2013ರಲ್ಲಿ 5,939, ಆಮೇಲೆ 5,140, ಆಮೇಲೆ 3,623. ಇಷ್ಟು ಸ್ಥಿರ ಯಾಕಂದ್ರೆ 2008ರಿಂದ ನಾಲ್ಕು ಸಲವೂ ಮುಖ್ಯ ಸ್ಪರ್ಧೆ ಆರ್.ವಿ. ದೇಶಪಾಂಡೆ ಮತ್ತು ಸುನಿಲ್ ಹೆಗಡೆ ನಡುವೆಯೇ. 2008ರಲ್ಲಿ ಹೆಗಡೆ, ಉಳಿದ ಮೂರು ಸಲ ದೇಶಪಾಂಡೆ. ಅವೇ ಇಬ್ಬರು ಮತ್ತೆ ನಿಂತರೆ ಐದಾರು ಸಾವಿರದೊಳಗೆ ಮುಗಿಯುತ್ತೆ ಅಂತ ಧೈರ್ಯವಾಗಿ ಹೇಳ್ತೀನಿ. ಆದ್ರೆ 2028ಕ್ಕೆ ದೇಶಪಾಂಡೆಯವರಿಗೆ 81 ವರ್ಷ. ಅವರು ನಿಲ್ಲದೇ ಇದ್ದ ದಿನ ಆ ಮೂರು ಸಂಖ್ಯೆಗಳಿಗೆ ಬೆಲೆ ಇಲ್ಲ.

ಕುಮಟಾ ಇದಕ್ಕೆ ಪೂರ್ತಿ ವಿರುದ್ಧ. 2013ರಲ್ಲಿ 420, 2018ರಲ್ಲಿ 32,750, 2023ರಲ್ಲಿ ಮತ್ತೆ ಕೆಲವು ನೂರು. ಅಲ್ಲಿ ಅಭ್ಯರ್ಥಿ ಎಷ್ಟು ಜನ ಅನ್ನೋದೇ ಪ್ರಶ್ನೆ. ಕಾಂಗ್ರೆಸ್ ಗಟ್ಟಿ ಅಭ್ಯರ್ಥಿ ಹಾಕಿದ್ರೆ ಒಂದು ಥರ. ಬಿಜೆಪಿ ಮತ್ತು ಜೆಡಿಎಸ್ 2023ರ ಸೆಪ್ಟೆಂಬರ್‌ನಿಂದ ಮೈತ್ರಿಯಲ್ಲಿವೆ. ಅದು ಅಲ್ಲಿಯವರೆಗೆ ಉಳಿದ್ರೆ ಕಳೆದ ಸಲ ಎದುರುಬದುರು ನಿಂತ ಎರಡೂ ಪಕ್ಷ ಒಂದೇ ಕಡೆ, ಟಿಕೆಟ್ ಒಂದೇ. ಸಿಗದವರು ಏನು ಮಾಡ್ತಾರೆ ಅನ್ನೋದರ ಮೇಲೆ ಅಂತರ ನಾನೂರೂ ಆಗಬಹುದು, ಮೂವತ್ತು ಸಾವಿರವೂ ಆಗಬಹುದು.

ಶಿರಸಿ, ಕಾರವಾರ ನಡುವಿನವು. ಕಾಗೇರಿಯವರು ಸಂಸತ್ತಿನಲ್ಲಿ ಇರೋದರಿಂದ ಶಿರಸಿಯಲ್ಲಿ ಬಿಜೆಪಿಯಿಂದ ಹೊಸ ಮುಖ ಬರೋ ಸಾಧ್ಯತೆ ಜಾಸ್ತಿ, ಹಾಗಾಗಿ 8,712ನ್ನ ಹಾಗೇ ನಂಬೋಕಾಗಲ್ಲ. ಭಟ್ಕಳವನ್ನ ಸದ್ಯಕ್ಕೆ ಪಟ್ಟಿಯಿಂದ ಹೊರಗೆ ಇಡ್ತೀನಿ, ಪೆನ್ಸಿಲ್‌ನಲ್ಲಿ.

ಯಲ್ಲಾಪುರ? 2025ರ ಮೇ ತಿಂಗಳಲ್ಲಿ ಬಿಜೆಪಿ ಹೆಬ್ಬಾರ್ ಅವರನ್ನ ಆರು ವರ್ಷ ಉಚ್ಚಾಟನೆ ಮಾಡಿದೆ. ಆರು ವರ್ಷ ಅಂದ್ರೆ 2031, ಅಂದ್ರೆ ಆ ಆದೇಶ ಹಾಗೇ ಇದ್ರೆ 2028ಕ್ಕೆ ಕಮಲದ ಚಿಹ್ನೆ ಇಲ್ಲ. ಅವರು ಮತ್ತೆ ಕಾಂಗ್ರೆಸ್ ಟಿಕೆಟ್‌ನಲ್ಲಿ ನಿಂತು, ಎದುರಾಳಿ ಪಾಟೀಲರಷ್ಟೇ ಬಲ ಇರೋರು ಅಂತ ಇಟ್ಟುಕೊಂಡ್ರೆ ಸಮೀಕರಣ ವಾಪಸ್ 2018ಕ್ಕೆ ಹೋಗುತ್ತೆ: ವ್ಯ − ಪ, ಸುಮಾರು 1,500. ಅದನ್ನ 18,000ದಿಂದ ಭಾಗಿಸಿದ್ರೆ 0.08. ಗೆಲ್ಲೋ ಸಾಧ್ಯತೆ 53 ಶೇಕಡಾ, ನಾಣ್ಯ ಚಿಮ್ಮಿದ ಹಾಗೆ. ಪಕ್ಷೇತರರಾಗಿ ನಿಂತರೆ ತ್ರಿಕೋನ ಸ್ಪರ್ಧೆ, ಆಗ ಎರಡು ಅಜ್ಞಾತಗಳ ಈ ಲೆಕ್ಕವೇ ಕೂರಲ್ಲ. ನಿಲ್ಲದೇ ಹೋದ್ರೆ 'ವ್ಯ'ವನ್ನ ಹೊಸಬರಿಗೆ ಸೊನ್ನೆಯಿಂದ ಶುರು ಮಾಡಬೇಕು, ಉಳಿಯೋದು 'ಪ' ಮಾತ್ರ, ಬಿಜೆಪಿ ಕಡೆ ಸುಮಾರು 5,000. ಮೂರರಲ್ಲಿ ಯಾವುದಾದ್ರೂ ಒಂದು ಸಿಗ್ಮಾ ಒಳಗೇ ಇದೆ. ಹಾಗಾಗಿ ಯಲ್ಲಾಪುರ ನನ್ನ ಪಟ್ಟಿಯಲ್ಲಿ ಮೊದಲನೆಯದು. ನಮ್ಮೂರು ಅಂತ ಅಲ್ಲ.

ನಿಮ್ಮ ಕ್ಷೇತ್ರಕ್ಕೂ ಇದನ್ನ ಮಾಡಿ ನೋಡಬಹುದು. 2008, 2013, 2018, 2023ರ ಮೊದಲ ಮೂರು ಸ್ಥಾನದವರ ಮತಗಳನ್ನ ಎಕ್ಸೆಲ್‌ನಲ್ಲಿ ಹಾಕಿ, ಪಕ್ಷದ ಕಾಲಂ ಪಕ್ಕದಲ್ಲೇ ವ್ಯಕ್ತಿಯ ಹೆಸರಿನ ಕಾಲಂ ಇಡಿ, ಎರಡೂ ಥರ ವಿಂಗಡಿಸಿ. ಬೂತ್ ಮಟ್ಟದ ಲೆಕ್ಕ ಬೇಕಿದ್ರೆ ಚುನಾವಣಾ ಆಯೋಗದ ಫಾರ್ಮ್ 20 ಸಿಗುತ್ತೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದ್ರೆ ಟೈಪ್ ಮಾಡೋಕೆ ಒಂದು ವಾರಾಂತ್ಯ ಹೋಗುತ್ತೆ, ರೂಮ್‌ಮೇಟ್ ಒಬ್ಬ ಓದಿ ಹೇಳೋಕೆ ಇದ್ರೆ ಒಂದು ರಾತ್ರಿ.