ಅಡಿಗೆಮನೆಯ ಮರದ ಹಲಗೆಗಳು: ಕಲೆಗಳ ಸ್ವರೂಪ ಮತ್ತು ನಿವಾರಣೆ

ಚರಿತ್ರೆಯ ಆಕರಗಳೆಂದರೆ ಶಾಸನ, ನಾಣ್ಯ, ಕಡತಗಳು ಮಾತ್ರವೇ ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಬೇರೂರಿತ್ತು. ಜನರು ದಿನವೂ ಬಳಸಿದ ಈಳಿಗೆಮಣೆ, ತುರಿಮಣೆ, ಮರಿಗೆ, ಲಟ್ಟಣಿಗೆ, ಕಡಗೋಲುಗಳೂ ಆಕರಗಳೇ ಎಂಬುದು ಈಗ ಒಪ್ಪಿತವಾದ ಮಾತು. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಸ್ಥಾಪಿಸಿದ, ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ ಸೌಧದಲ್ಲಿರುವ ಜಾನಪದ ವಸ್ತುಸಂಗ್ರಹಾಲಯವು ಈ ದೃಷ್ಟಿಭೇದದ ಫಲವೆಂದೇ ಹೇಳಬೇಕು. ಆದರೆ ಇಂತಹ ವಸ್ತುಗಳು ಸಂಗ್ರಹಾಲಯದ ಬಾಗಿಲನ್ನು ಕಾಣುವುದಕ್ಕೆ ಮುನ್ನವೇ ಎರಡು ಅಪಾಯಗಳಿಗೆ ಗುರಿಯಾಗುತ್ತವೆ. ಕಲೆಯಾಯಿತೆಂದು ಕೆಲವರು ಅವನ್ನು ಒಲೆಗೆ ಹಾಕುತ್ತಾರೆ. ಮತ್ತೆ ಕೆಲವರು ಕಲೆಯನ್ನು ತೆಗೆಯುವ ಉತ್ಸಾಹದಲ್ಲಿ ಮರವನ್ನೇ ಕೆಡಿಸುತ್ತಾರೆ. ಆದುದರಿಂದ ಯಾವ ಕಲೆ ಯಾವ ಕಾರಣದಿಂದ ಉಂಟಾಗುತ್ತದೆ, ಅದನ್ನು ಹೇಗೆ ತೆಗೆಯಬಹುದು, ಎಲ್ಲಿ ಕೈಯನ್ನು ತಡೆಯಬೇಕು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

1. ಮರವೂ ಕಲೆಯೂ

ಮರವು ಕಲ್ಲಿನಂತೆ ಮುಚ್ಚಿದ ಮೈಯುಳ್ಳ ವಸ್ತುವಲ್ಲ. ಅದು ಸೂಕ್ಷ್ಮವಾದ ನಾಳಗಳ ಒಂದು ಕಟ್ಟು. 1838ರಲ್ಲಿ ಫ್ರಾನ್ಸಿನ ಪಾಯೆನ್ ಎಂಬಾತನು ಗುರುತಿಸಿದ ಸೆಲ್ಯುಲೋಸು ಈ ನಾಳಗಳ ಗೋಡೆಯ ಎಳೆ. ಲಿಗ್ನಿನ್ ಎಂಬುದು ಎಳೆಗಳನ್ನು ಬಿಗಿಯುವ ಗಾರೆ. ಇವೆರಡರ ಜೊತೆಗೆ ಪ್ರತಿಯೊಂದು ಮರದಲ್ಲಿಯೂ ಅದರದೇ ಆದ ರಸದ್ರವ್ಯಗಳಿರುತ್ತವೆ. ಹಲಸಿನ ಚೇಗಿಗೆ ಹಳದಿ ಬಣ್ಣವನ್ನು ಕೊಡುವುದು ಮೊರಿನ್ ಎಂಬ ದ್ರವ್ಯ. ಬೌದ್ಧ ಭಿಕ್ಷುಗಳ ಚೀವರಗಳಿಗೆ ಬಣ್ಣ ಕಟ್ಟಲು ಹಲಸಿನ ಚಕ್ಕೆಯನ್ನು ಬಳಸುತ್ತಿದ್ದುದು ಇದರ ಬಲದಿಂದಲೇ. ಒಗರಿನ ಅಂಶ, ಎಂದರೆ ಟ್ಯಾನಿನ್, ಹಲವು ಮರಗಳಲ್ಲಿ ಹೇರಳವಾಗಿದೆ.

ಹೀಗಾಗಿ ಕಲೆಯು ಎರಡು ಬಗೆ. ಹೊರಗಿನ ಬಣ್ಣವು ನಾಳಗಳಲ್ಲಿ ಇಳಿದು ನಿಲ್ಲುವುದು ಒಂದು. ಹೊರಗಿನಿಂದ ಬಂದ ವಸ್ತುವು ಮರದ ರಸದೊಡನೆ ಕೂಡಿ ಹೊಸ ಬಣ್ಣವನ್ನು ಹುಟ್ಟಿಸುವುದು ಇನ್ನೊಂದು. ಎರಡನ್ನೂ ಒಂದೇ ಎಂದು ಭಾವಿಸಿ ತಿಕ್ಕುವುದರಿಂದಲೇ ಬಹುಪಾಲು ಕೇಡು ಸಂಭವಿಸುತ್ತದೆ.

ನಮ್ಮ ಹಿಂದಿನ ಅಡಿಗೆಮನೆಯಲ್ಲಿ ನೆಲದ ಮೇಲೆ ಕುಳಿತು ಹೆಚ್ಚುವುದು, ತುರಿಯುವುದು ವಾಡಿಕೆಯಾಗಿದ್ದಿತು. ಮಣೆಗಳು ಚಿಕ್ಕವು, ತೊಳೆದು ಅಂಗಳದ ಬಿಸಿಲಿಗೆ ಒರಗಿಸುವುದು ಸುಲಭ. ನಿಂತು ಅಡಿಗೆಮಾಡುವ ಕಟ್ಟೆ ಬಂದಾಗ ಅದಕ್ಕೆ ಸಾಮಾನ್ಯವಾಗಿ ಕಲ್ಲುಚಪ್ಪಡಿಯನ್ನೇ ಹಾಸಲಾಯಿತು. ಯೂರೋಪು, ಅಮೆರಿಕಗಳಲ್ಲಿ ಬಳಕೆಯಲ್ಲಿರುವಂತೆ ದಪ್ಪ ಮರದ ಹಲಗೆಯನ್ನು ಕಟ್ಟೆಗೆ ಹೊದಿಸುವುದು ನಮ್ಮಲ್ಲಿ ಈಚಿನ ರೂಢಿ. ಅಂತಹ ಹಲಗೆಯನ್ನು ಬಿಸಿಲಿಗೆ ಒಯ್ಯಲಾಗದು ಎಂಬ ಒಂದೇ ಕಾರಣದಿಂದ ಅದರ ಆರೈಕೆ ಮಣೆಯ ಆರೈಕೆಗಿಂತ ಕಷ್ಟತರವಾಗಿದೆ.

2. ಕಬ್ಬಿಣದ ಕರಿಕಲೆ

ಒದ್ದೆಯಾದ ಕಬ್ಬಿಣದ ಬಾಣಲೆಯನ್ನೋ ಕತ್ತಿಯನ್ನೋ ಹಲಗೆಯ ಮೇಲೆ ಇರಿಸಿದಲ್ಲಿ ನೀಲಿಮಿಶ್ರಿತ ಕಪ್ಪು ಮಚ್ಚೆ ಮೂಡುವುದು. ಈಳಿಗೆಯ ಅಲಗು ಮಣೆಗೆ ಸೇರುವ ಸಂದಿನಲ್ಲಿ ಇದನ್ನು ಯಾರೂ ಕಾಣಬಹುದು. ಇದು ಕೊಳೆಯಲ್ಲ, ಮರದ ಟ್ಯಾನಿನ್ನೂ ಕಬ್ಬಿಣದ ಲವಣವೂ ಕೂಡಿ ಆದ ಮಸಿ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣವನ್ನು ಸೇರಿಸಿ ಶಾಯಿ ಮಾಡುತ್ತಿದ್ದ ಕ್ರಮವೂ, ಯೂರೋಪಿನ ದಾಖಲೆಗಳನ್ನು ಶತಮಾನಗಳ ಕಾಲ ಬರೆದ ಮಾಚಿಕಾಯಿಯ ಶಾಯಿಯೂ ಇದೇ ರಸಕ್ರಿಯೆಯನ್ನು ಆಧರಿಸಿವೆ. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು, ತಾಮ್ರದ ಕಿಲುಬಿನಲ್ಲಿ ಅನ್ನಭೇದಿಯ ಕಲಬೆರಕೆಯಿದೆಯೇ ಎಂಬುದನ್ನು ಮಾಚಿಕಾಯಿಯ ರಸದಲ್ಲಿ ನೆನೆಸಿದ ಪಪೈರಸ್ ಹಾಳೆಯಿಂದ ಪರೀಕ್ಷಿಸುವ ವಿಧಾನವನ್ನು ಹೇಳಿದ್ದಾನೆ. ಹಾಳೆ ಕಪ್ಪಾದರೆ ಕಲಬೆರಕೆಯುಂಟೆಂದು ಅರ್ಥ. ನಮ್ಮ ಹಲಗೆಯ ಮೇಲಣ ಮಚ್ಚೆಯು ಇದೇ ಪರೀಕ್ಷೆಯ ತಾನಾಗಿ ನಡೆದ ರೂಪ.

ಮಸಿಯನ್ನು ಸಾಬೂನು ಬಿಡಿಸಲಾರದು, ಆಮ್ಲ ಬಿಡಿಸಬಲ್ಲುದು. ಹೊಸ ಮಚ್ಚೆಗೆ ನಿಂಬೆಯ ಹೋಳು ಮತ್ತು ಉಪ್ಪು ಸಾಕು. ಹಳೆಯ, ಆಳಕ್ಕಿಳಿದ ಮಚ್ಚೆಗೆ ಆಕ್ಸಾಲಿಕ್ ಆಮ್ಲವೇ ಸಮರ್ಥವಾದುದು. ಇದನ್ನು 1776ರಲ್ಲಿ ಶೀಲೆ ಮತ್ತು ಬರ್ಗ್‌ಮನ್ನರು ಸಕ್ಕರೆಯಿಂದ ತಯಾರಿಸಿದರು. 1824ರಲ್ಲಿ ವೋಲರನು ಸಯನೋಜೆನ್ ಎಂಬ ಅನಿಲದಿಂದ ಪಡೆದನು. ಪಾತ್ರೆ ಬೆಳಗಲು ಉಪಯೋಗಿಸುವ ದಾರೆಹುಳಿಯ ಹುಳಿಯಲ್ಲಿಯೂ ಇದರ ಅಂಶವುಂಟು. ಅದು ಕಬ್ಬಿಣವನ್ನು ಟ್ಯಾನಿನ್ನಿನ ಹಿಡಿತದಿಂದ ಬಿಡಿಸಿ, ನೀರಿನಲ್ಲಿ ಕರಗುವ ಸಂಯುಕ್ತವನ್ನಾಗಿ ಮಾಡುತ್ತದೆ.

ಬಳಸುವ ಕ್ರಮ ಹೀಗಿದೆ. ಒಂದು ಲೀಟರು ಬಿಸಿನೀರಿಗೆ ಸುಮಾರು 30 ಗ್ರಾಂ ಹರಳನ್ನು ಕರಗಿಸಿ, ಕಲೆಯ ಮೇಲಷ್ಟೇ ಅಲ್ಲದೆ ಇಡೀ ಹಲಗೆಗೆ ಸಮನಾಗಿ ಸವರಬೇಕು. ಇಲ್ಲವಾದರೆ ಕಲೆಯ ಬದಲು ತೆಳುಬಣ್ಣದ ಮಚ್ಚೆ ಉಳಿಯುವುದು. ಕಾಲು ಗಂಟೆಯ ಬಳಿಕ ಶುದ್ಧ ನೀರಿನಿಂದ ಒರಸಿ, ಅಡಿಗೆಸೋಡವನ್ನು ಕರಗಿಸಿದ ನೀರಿನಿಂದ ಆಮ್ಲವನ್ನು ಶಮನಗೊಳಿಸಿ, ಮತ್ತೆ ಎರಡು ಮೂರು ಸಲ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಈ ಆಮ್ಲವು ವಿಷ. ದೇಹದ ಸುಣ್ಣದ ಅಂಶದೊಡನೆ ಕೂಡಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೈಚೀಲ ತೊಡದೆ ಮುಟ್ಟಬಾರದು. ಒಣಗಿದ ಹರಳಿನ ಧೂಳು ಮೂಗಿಗೆ ಹೋಗಬಾರದು. ಮಕ್ಕಳ ಕೈಗೆ ಸಿಗುವಂತೆ, ಸಕ್ಕರೆ ಉಪ್ಪುಗಳ ಬಳಿ, ಇಡಲೇಬಾರದು.

3. ಅರಿಶಿನದ ಕಲೆ

ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ದ್ರವ್ಯವನ್ನು 1815ರಲ್ಲಿ ಫೋಗೆಲ್ ಮತ್ತು ಪೆಲ್ತಿಯೆ ಎಂಬವರು ಪ್ರತ್ಯೇಕಿಸಿದರು. ಅದು ನೀರಿನಲ್ಲಿ ಕರಗದು. ಎಣ್ಣೆಯಲ್ಲಿಯೂ ಮದ್ಯಸಾರದಲ್ಲಿಯೂ ಕರಗುವುದು. ಕ್ಷಾರ ತಗುಲಿದರೆ ಕೆಂಪಾಗುವುದು. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡುವ ಪ್ರತಿಯೊಬ್ಬ ಗೃಹಿಣಿಯೂ ಈ ಗುಣವನ್ನು ಬಲ್ಲಳು. ಹಲಗೆಯ ಹಳದಿ ಕಲೆಗೆ ಸಾಬೂನು ಹಚ್ಚಿದೊಡನೆ ಅದು ಕೆಂಪಾಗುವುದೂ ಇದರಿಂದಲೇ. ಕಲೆ ಹೆಚ್ಚಿತೆಂದು ಗಾಬರಿಗೊಳ್ಳುವ ಕಾರಣವಿಲ್ಲ; ನಿಂಬೆರಸ ಬಿದ್ದರೆ ಮರಳಿ ಹಳದಿಯಾಗುವುದು.

ಆದುದರಿಂದ ಮೊದಲು ಸ್ವಲ್ಪ ಎಣ್ಣೆಯನ್ನು ಉಜ್ಜಿ ಬಣ್ಣವನ್ನು ಎಣ್ಣೆಗೆ ಇಳಿಸಿ, ಒಣಬಟ್ಟೆಯಿಂದ ಒತ್ತಿ ತೆಗೆದು, ಅನಂತರ ಅಂಟುವಾಳದ ನೀರಿನಿಂದ ತೊಳೆಯುವುದು ಯುಕ್ತವಾದ ಕ್ರಮ. ಮಿಕ್ಕುದನ್ನು ಸೂರ್ಯನಿಗೆ ಒಪ್ಪಿಸಬೇಕು. ಕರ್ಕ್ಯುಮಿನ್ನು ಬೆಳಕಿನಲ್ಲಿ ಒಡೆಯುವ ದ್ರವ್ಯ. ಕೆಲವು ದಿನಗಳ ಬಿಸಿಲು ಯಾವ ಔಷಧಕ್ಕೂ ಕಡಮೆಯಿಲ್ಲದೆ ಕೆಲಸಮಾಡುತ್ತದೆ. ಮಣೆಯನ್ನು ಬಿಸಿಲಿಗೆ ಒರಗಿಸುತ್ತಿದ್ದ ಹಿರಿಯರ ವಾಡಿಕೆಯಲ್ಲಿ ಇಂತಹ ಅನುಭವಜ್ಞಾನ ಅಡಗಿದ್ದಿತು.

4. ಇತರ ಕಲೆಗಳು

ಎಣ್ಣೆಯ ಕಲೆಗೆ ಕಡಲೆಹಿಟ್ಟನ್ನೋ ಸೀಮೆಸುಣ್ಣದ ಪುಡಿಯನ್ನೋ ಹರಡಿ ಒಂದು ರಾತ್ರಿ ಬಿಟ್ಟರೆ ಎಣ್ಣೆಯು ಪುಡಿಗೆ ಏರುವುದು. ಬಿಸಿ ಪಾತ್ರೆಯಿಂದಾದ ಬಿಳಿಯ ಬಳೆಯು ಮರದ ಕಲೆಯಲ್ಲ, ಅರಗಿನ ಮೆರುಗಿನಲ್ಲಿ ತೇವ ಸಿಕ್ಕಿದುದರ ಗುರುತು; ಇಲ್ಲಿ ಮೆರುಗನ್ನು ಸರಿಪಡಿಸಬೇಕೇ ಹೊರತು ಮರವನ್ನು ತಿಕ್ಕಬಾರದು. ಸುಟ್ಟ ಕಲೆಯು ಇದ್ದಿಲು. ಅದನ್ನು ಯಾವ ದ್ರವವೂ ಬಿಳಿಚಿಸದು, ಹೆರೆದೇ ತೆಗೆಯಬೇಕು. ಬೂಷ್ಟಿನ ಕಪ್ಪು ಚುಕ್ಕೆಗಳಿಗೆ ತೇವವೇ ಮೂಲವಾದುದರಿಂದ ಒಣಗಿಸುವುದು ಮೊದಲ ಚಿಕಿತ್ಸೆ. ಆಮೇಲೆ ಔಷಧದಂಗಡಿಯಲ್ಲಿ ದೊರೆಯುವ ಶೇಕಡ 3ರ ಹೈಡ್ರೊಜನ್ ಪೆರಾಕ್ಸೈಡನ್ನು ಸವರಬಹುದು. 1818ರಲ್ಲಿ ತೆನಾರನು ಕಂಡುಹಿಡಿದ ಈ ದ್ರವವು ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಹಲಗೆಯಲ್ಲಿ ವಿಷವನ್ನು ಉಳಿಸದು.

ಕಪ್ಪು ಕಲೆಯ ಜಾತಿಯನ್ನು ತಿಳಿಯಲು ಒಂದು ಹನಿ ನಿಂಬೆರಸ ಸಾಕು. ಮಾಸಿದರೆ ಕಬ್ಬಿಣದ್ದು, ಮಾಸದಿದ್ದರೆ ಬೂಷ್ಟು ಅಥವಾ ಸುಟ್ಟದ್ದು ಇರಬಹುದು. ಹಾಗೆಯೇ ಹಳದಿ ಕಲೆಗೆ ಸುಣ್ಣದ ತಿಳಿಯ ಒಂದು ಹನಿ, ಕೆಂಪಾದರೆ ಅರಿಶಿನ.

5. ಮಾಡಬಾರದ ಕೆಲಸಗಳು

1799ರಲ್ಲಿ ಟೆನೆಂಟನು ಹಕ್ಕುಪತ್ರ ಪಡೆದ ಚಲುವೆಪುಡಿಯು ಹತ್ತಿಬಟ್ಟೆಯ ಉದ್ಯಮವನ್ನೇ ಮಾರ್ಪಡಿಸಿತು. ಆದರೆ ಬಟ್ಟೆಗೆ ಹಿತವಾದುದು ಮರಕ್ಕೆ ಹಿತವಲ್ಲ. ಅದು ಲಿಗ್ನಿನ್ನನ್ನು ಕೊರೆಯುವುದು. ಗಾರೆ ಸಡಿಲಿದ ಗೋಡೆಯಂತೆ ಎಳೆಗಳು ಎದ್ದು, ಮುಂದಿನ ಕಲೆಗೆ ಇನ್ನಷ್ಟು ಎಡೆಗೊಡುವುವು. ಇದಕ್ಕಿಂತ ಭಯಂಕರವಾದುದು ಚಲುವೆಪುಡಿಯೊಡನೆ ನಿಂಬೆ, ಹುಣಿಸೆ ಅಥವಾ ಯಾವುದೇ ಆಮ್ಲವನ್ನು ಬೆರೆಸುವುದು. ಆಗ ಕ್ಲೋರಿನ್ ಅನಿಲ ಹೊರಡುವುದು. ಮುಚ್ಚಿದ ಅಡಿಗೆಮನೆಯಲ್ಲಿ ಇದು ಪ್ರಾಣಕ್ಕೇ ಅಪಾಯ.

ಕಬ್ಬಿಣದ ನಾರಿನಿಂದ ಉಜ್ಜುವುದೂ ಸಲ್ಲದು. ಮುರಿದು ಉಳಿದ ಚೂರುಗಳು ತೇವದಲ್ಲಿ ತುಕ್ಕುಹಿಡಿದು, ಒಂದು ಕಲೆಯ ಜಾಗದಲ್ಲಿ ನೂರು ಕಪ್ಪು ಚುಕ್ಕೆಗಳನ್ನು ಬಿತ್ತುವುವು. ಉಪ್ಪುಕಾಗದದಿಂದ ತೀಡಬೇಕಾದಲ್ಲಿ ಎಳೆಯ ಜಾಡಿನಲ್ಲಿಯೇ ತೀಡಬೇಕು.

6. ಕಲೆಯೂ ಕೊಳೆಯೂ

ಕಲೆಯಾದ ಮರ ಮಡಿಯಲ್ಲ, ಆರೋಗ್ಯಕರವಲ್ಲ ಎಂಬ ಭೀತಿಯಿಂದಲೇ ಹಳೆಯ ಮಣೆಗಳು ಮನೆಯಿಂದ ಹೊರಬೀಳುತ್ತಿವೆ. ಈ ಭೀತಿಗೆ ಆಧಾರ ಸಾಲದು. 1994ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಆಕ್, ಕ್ಲೈವರ್ ಮತ್ತು ಕ್ಯಾಸ್ಪರ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಲ್ಲಿ, ಮರದ ಹಲಗೆಯ ಮೇಲೆ ಹಾಕಿದ ಬ್ಯಾಕ್ಟೀರಿಯಗಳು ಮೇಲ್ಮೈಯಿಂದ ಬೇಗನೆ ಕಾಣೆಯಾದುವು. ಪ್ಲಾಸ್ಟಿಕ್ಕಿನ ಮೇಲೆ ಹೆಚ್ಚು ಕಾಲ ಉಳಿದುವು. ತೊಳೆದು ಒಣಗಿಸುವ ಕರ್ತವ್ಯವೇನೂ ಇದರಿಂದ ತಪ್ಪದು. ಆದರೆ ಬಣ್ಣದ ಗುರುತು ರೋಗದ ಗುರುತಲ್ಲ ಎಂಬುದು ಸ್ಪಷ್ಟ.

ಚರಿತ್ರೆಯ ದೃಷ್ಟಿಯಿಂದ ಇನ್ನೊಂದು ಮಾತುಂಟು. ಹರಿಯಾಣದ ಫರ್ಮಾನಾ ಎಂಬ ಹರಪ್ಪ ಸಂಸ್ಕೃತಿಯ ನೆಲೆಯಲ್ಲಿ ದೊರೆತ ಮಡಕೆಗಳಲ್ಲಿಯೂ ಮಾನವರ ಹಲ್ಲುಗಳಲ್ಲಿಯೂ ಉಳಿದಿದ್ದ ಪಿಷ್ಟದ ಕಣಗಳಿಂದ ಅಲ್ಲಿನವರು ಅರಿಶಿನ, ಶುಂಠಿಗಳನ್ನು ಬಳಸುತ್ತಿದ್ದರೆಂದು 2010ರಲ್ಲಿ ಕಶ್ಯಪ್ ಮತ್ತು ವೆಬರ್ ಎಂಬ ವಿದ್ವಾಂಸರು ತೋರಿಸಿದರು. ಆ ಪಾತ್ರೆಗಳನ್ನು ಅಗೆದವರು ಚೆನ್ನಾಗಿ ತಿಕ್ಕಿ ತೊಳೆದಿದ್ದರೆ ಈ ಸಂಗತಿ ನಮಗೆ ತಿಳಿಯುತ್ತಲೇ ಇರಲಿಲ್ಲ. ನಾಲ್ಕು ಸಹಸ್ರ ವರ್ಷಗಳ ಹಿಂದಿನ ಅಡಿಗೆಯನ್ನು ಲಿಖಿತ ಆಕರವಾವುದೂ ಹೇಳದಿರುವಾಗ ಹೇಳಿದುದು ಪಾತ್ರೆಗಂಟಿದ ಶೇಷವೇ.

ಆದುದರಿಂದ ನಿತ್ಯಬಳಕೆಯ ಹಲಗೆಗೂ ಸಂರಕ್ಷಣೆಗೆ ಯೋಗ್ಯವಾದ ಹಳೆಯ ವಸ್ತುವಿಗೂ ಒಂದೇ ನಿಯಮವನ್ನು ಹಚ್ಚಬಾರದೆಂದು ನಮ್ಮ ಅಭಿಪ್ರಾಯ. ಮೊದಲನೆಯದನ್ನು ಮೇಲೆ ಹೇಳಿದ ಕ್ರಮದಿಂದ ನಿರಾತಂಕವಾಗಿ ಶುದ್ಧಿಮಾಡಬಹುದು. ಎರಡನೆಯದರ ಮೇಲೆ ಒಣಬಟ್ಟೆಯ ಹೊರತು ಬೇರೇನನ್ನೂ ಆಡಿಸುವ ಮೊದಲು ಅದರ ಛಾಯಾಚಿತ್ರವನ್ನು ತೆಗೆಯಬೇಕು. ಯಾವ ಊರಿನದು, ಯಾವ ಮರದ್ದು, ಏನನ್ನು ಹೆಚ್ಚಲು, ನಾದಲು ಬಳಸುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಬೇಕು. ಕನಿಷ್ಠ ಪಕ್ಷ ಅಡಿಭಾಗವನ್ನಾದರೂ ಮುಟ್ಟದೆ ಬಿಡಬೇಕು. ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ತಮ್ಮ ಮನೆಗಳ ಅಟ್ಟವನ್ನು ಒಮ್ಮೆ ಈ ದೃಷ್ಟಿಯಿಂದ ನೋಡಿದರೆ, ಗ್ರಂಥಾಲಯದಲ್ಲಿ ದೊರೆಯದ ಆಕರಗಳು ಅಲ್ಲಿ ದೊರೆಯುವುದರಲ್ಲಿ ಸಂದೇಹವಿಲ್ಲ.