ಆಟದ ಗಣಕಕ್ಕೆ ಎಷ್ಟು ರೊಕ್ಕ?

ಶ್ರೋತೃಗಳಿಗೆ ಇದು ಹುಡುಗಾಟದ ವಿಷಯವೆನಿಸೀತು. ಬೈಲಹೊಂಗಲದಲ್ಲಿ ಅಕ್ಕ ಹತ್ತಿ ಮಾರಿದ ಹಣ ಎಣಿಸುತ್ತಿದ್ದಾಗ ಸೋದರಳಿಯ ಕೇಳಿದ: “ಮಾಮಾ, ಆಟಕ್ಕ ಛಲೋ ಕಂಪ್ಯೂಟರ್ ಕಟ್ಟಲಿಕ್ಕೆ ಎಷ್ಟ ರೊಕ್ಕ ಬೇಕಾಗತೈತಿ?” ಅಕ್ಕನ ಎಣಿಕೆ ನಿಂತಿತು.

ಎಲ್ಲವೂ ಪರದೆಯನ್ನು ಅವಲಂಬಿಸಿದೆ, ಎಂದೆ. 1080 ಗೆರೆಗಳ ಸಾಮಾನ್ಯ ಪರದೆ ಸಾಕೆಂದರೆ ಗಣಕದ ಪೆಟ್ಟಿಗೆಗೆ ಸುಮಾರು 70,000 ರೂಪಾಯಿ. 4ಕೆ ಪರದೆಯಲ್ಲಿ ಚಿತ್ರಬಿಂದುಗಳು ಅದರ ನಾಲ್ಕು ಪಟ್ಟು, ವೆಚ್ಚವೂ ಲಕ್ಷವನ್ನು ದಾಟೀತು. 70,000ದಲ್ಲಿ 28,000ದಷ್ಟು ಗ್ರಾಫಿಕ್ಸ್ ಕಾರ್ಡಿಗೇ ಸಲ್ಲಬೇಕು. ಸೆಕೆಂಡಿಗೆ 60 ಚಿತ್ರ ಬಿಡಿಸುವ ದುಡಿಮೆ ಅದರದು. ಪ್ರೊಸೆಸರಿಗೆ ಅದರರ್ಧ ಸಾಕು. ಆದರೆ ಅದು ತೀರ ಸೊರಗಿದ್ದಾಗಬಾರದು: ಒಂದೇ ನೊಗದ ಎತ್ತುಗಳಲ್ಲಿ ಒಂದು ಹಿಂದುಳಿದರೆ ಇನ್ನೊಂದರ ಬಲ ವ್ಯರ್ಥ. ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಗೆ ಮೆಮೊರಿಯ ಬೆಲೆ ವಿಪರೀತ ಏರಿತು. ಅದಕ್ಕೆಂದು ಇನ್ನೂ 10,000 ತೆಗೆದಿಡಬೇಕು.

ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಬಣ್ಣದ ದೀಪಗಳಿಗೆ ಸುರಿಯುವ ಹುಡುಗರು ಕೈ ಬಿಗಿಹಿಡಿಯುವುದು ಇಲ್ಲಿಯೇ. ವಿದ್ಯುತ್ತು ಏರಿಳಿಯುವ ಊರಿನಲ್ಲಿ 5,000 ರೂಪಾಯಿಯ ಈ ಭಾಗ 28,000ದ ಕಾರ್ಡನ್ನು ಕಾಯಬಲ್ಲುದು.

“ಪರದೇದ ರೊಕ್ಕ ಹಿಡದಿ ಏನಪಾ?” ಎಂದಳು ಅಕ್ಕ.

ಹಿಡಿದಿರಲಿಲ್ಲ. ಅದಕ್ಕೆ ಮತ್ತೆ 10,000.